ಲಕ್ಷ್ಮೀಶನ ಅಕ್ಷಯ ಡ್ರೈವು

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರು ಅಂತ ಗಾದೆ ಇದೆಯಲ್ಲ, ಅದು ಮಲ್ಲೇಶ್ವರದ ಲಕ್ಷ್ಮೀಶನನ್ನು ನೋಡಿಯೇ ಹುಟ್ಟಿದ್ದು ಅಂತ ಅವನ ಕ್ರಾಸಿನ ಜನಕ್ಕೆಲ್ಲ ಖಾತ್ರಿಯಾಗಿತ್ತು. ಶೇಷಾದ್ರಿಪುರಂನ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವ ಈ ಮೇಷ್ಟ್ರು ಪಿಎಚ್‌ಡಿಗೆ ಹೆಸರು ನೋಂದಾಯಿಸಿದ ವಾರದಲ್ಲೇ ‘ಡಾ. ಲಕ್ಷ್ಮೀಶ’ ಅಂತ ಹಿತ್ತಾಳೆ ಬೋರ್ಡು ಮಾಡಿಸಿ ಗೇಟಿಗೆ ಹೊಡೆಸಿಬಿಟ್ಟ. ಹೆಂಡತಿ ರಂಜಿನಿ, ಜನ ನಗ್ತಾರೆ ಅಂತ, ಆ ‘ಡಾ.’ ಮೇಲೆ ಗಾಯಕ್ಕೆ ಹಾಕುವ ಪಟ್ಟಿ ಅಂಟಿಸಿದಳು. ಬಿಸಿಲಿಗೆ ಪಟ್ಟಿ ಉದುರಿದಾಗಲೆಲ್ಲ ಹೊಸ ಪಟ್ಟಿ ಬಂತು, ಥೀಸಿಸ್ ಮಾತ್ರ ಬರಲಿಲ್ಲ. ಯುನಿವರ್ಸಿಟಿಯವರು ಗಡುವಿನ ಮೇಲೆ ಗಡುವು ಕೊಟ್ಟು ಸುಸ್ತಾಗಿ, ಇದೇ ಕೊನೆ, ಈ ಶುಕ್ರವಾರ ಸಂಜೆ ಐದಕ್ಕೆ ಥೀಸಿಸ್ ಬರದಿದ್ದರೆ ನೋಂದಣಿ ರದ್ದು ಅಂತ ಬರೆದು ಕಳಿಸಿದ್ದರು.

ಥೀಸಿಸ್ಸೇನೋ ಬರೆದು ಮುಗಿಸಿದ್ದ, ಪುಣ್ಯಾತ್ಮ. ಅದರ ವಿಷಯ ‘ಗೋದಾಮುಗಳಲ್ಲಿ ಸ್ಥಳ ನಿರ್ವಹಣೆ’. ಇರೋ ಜಾಗದಲ್ಲಿ ಸಾಮಾನು ಹೇಗೆ ಜೋಡಿಸಬೇಕು, ಯಾವುದನ್ನ ಇಟ್ಕೋಬೇಕು, ಯಾವುದನ್ನ ಹೊರಗೆ ಹಾಕಬೇಕು ಅನ್ನೋದನ್ನ ಆರು ಅಧ್ಯಾಯಗಳಲ್ಲಿ ವಿವರಿಸಿದ್ದ. ಮೇಲೆ ಕೂತಿರೋನಿಗೆ ತಮಾಷೆ ಗೊತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಎಡವಟ್ಟು ಶುರುವಾದದ್ದು ರಾಮಾಂಜಿನಪ್ಪನ ಮಗಳು ಯಶಶ್ರೀಯ ಆರತಕ್ಷತೆ ಊಟದಲ್ಲಿ, ಇದಕ್ಕೆ ಬಹಳ ಹಿಂದೆ. ರಾಮಾಂಜಿನಪ್ಪ ಅಂದರೆ ಆ ಕ್ರಾಸಿನ ಲೀಡರು. ಸೈಟು ವ್ಯಾಪಾರ, ಸ್ವಲ್ಪ ರಾಜಕೀಯ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇಡಿಸೋದು, ಎಲ್ಲ ಅವರದೇ. ಮಗಳ ಮದುವೆ ವಿಡಿಯೊ ಇಡೋಕೆ ಫೋನಲ್ಲಿ ಜಾಗ ಇಲ್ಲ ಅಂತ ಅವರು ಪಂಕ್ತಿಯಲ್ಲಿ ಗೋಳು ಹೇಳಿಕೊಂಡರು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಲಕ್ಷ್ಮೀಶ ಅಲ್ಲಿಗೇ ಸುಮ್ಮನಿರಬಾರದಾ?

“ಅದಕ್ಯಾಕೆ ತಲೆ ಕೆಡಿಸ್ಕೋತೀರಾ? ನಮ್ಮಂಥ ಸಂಶೋಧಕರಿಗೆ ಅಂತ ಯುನಿವರ್ಸಿಟಿಯವರು ಇಂಟರ್ನೆಟ್ಟಲ್ಲಿ ಡ್ರೈವ್ ಅಂತ ಜಾಗ ಕೊಟ್ಟಿದಾರೆ. ಎಷ್ಟು ತುಂಬಿದ್ರೂ ತುಂಬಲ್ಲ. ನನ್ ಕೈಗೆ ಕೊಡಿ, ಇಟ್ಕೋತೀನಿ.”

ಇಡೀ ಪಂಕ್ತಿ ತಲೆಯೆತ್ತಿ ಅವನನ್ನೇ ನೋಡಿತು. ಬಡಿಸುವವನು ಅವನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದ. ಜೀವಮಾನದಲ್ಲಿ ಯಾರಿಗೂ ಒಂದು ಸೈಟು ಕೊಡಿಸುವ ಯೋಗ್ಯತೆ ಇಲ್ಲದ ಮೇಷ್ಟ್ರಿಗೆ, ಕೇಳಿದವರಿಗೆಲ್ಲ ಜಾಗ ಹಂಚುವ ಭಾಗ್ಯ ಅವತ್ತು ಬಂತು. ಅಲ್ಲಿಂದ ಮುಂದೆ ಕ್ರಾಸಿನ ಸಕಲ ಶುಭಕಾರ್ಯಗಳೂ ಅವನ ಡ್ರೈವಿಗೆ ಬಂದು ಸೇರಿದವು. ಒಬ್ಬೊಬ್ಬರ ಹೆಸರಿಗೂ ಒಂದೊಂದು ಫೋಲ್ಡರ್ ಮಾಡಿ, ಹಿಂದಿನ ಕಾಲದ ದಿವಾನರ ಹಾಗೆ ಗತ್ತಿನಿಂದ ಎಲ್ಲವನ್ನೂ ಒಳಗೆ ಸೇರಿಸಿಕೊಂಡ.

ಪಕ್ಕದ ಮನೆ ಪಾರ್ವತಮ್ಮನವರ ವಿಷಯ ಇಲ್ಲೇ ಹೇಳಿಬಿಡಬೇಕು. ಅವರ ಮನೆಗೂ ಲಕ್ಷ್ಮೀಶನ ಮನೆಗೂ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡಿಕೊಂಡಿತ್ತು. ಅತ್ತ ಕೋಡುಬಳೆ ಹೋಗುತ್ತಿತ್ತು, ಇತ್ತ ಚಿತ್ರಾನ್ನ ಬರುತ್ತಿತ್ತು. ಅದು ಮೂಲತಃ ಯಾರ ಮನೆಯ ಡಬ್ಬಿ ಅನ್ನೋದು ಇಬ್ಬರಿಗೂ ಮರೆತೇ ಹೋಗಿತ್ತು, ಯಾಕೆಂದರೆ ಅದು ಖಾಲಿಯಾಗಿ ಯಾವತ್ತೂ ಗೋಡೆ ದಾಟಿರಲಿಲ್ಲ. ಪಾತ್ರೆ ಖಾಲಿ ವಾಪಸ್ ಕೊಡಬಾರದು, ಏನೂ ಇಲ್ಲ ಅಂದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು ಅನ್ನೋದು ಆ ಕ್ರಾಸಿನಲ್ಲಿ ಕಾನೂನಿಗಿಂತ ದೊಡ್ಡದು.

ಸರಿ, ಆ ಕೊನೆ ಗಡುವಿನ ವಾರವೇ ಯುನಿವರ್ಸಿಟಿಯಿಂದ ಇನ್ನೊಂದು ಮೇಲ್ ಬಂತು. ಇಂಥ ಮೇಲ್‌ಗಳನ್ನು ಲಕ್ಷ್ಮೀಶ ಓದುವವನಲ್ಲ. ಆದರೆ ಇದರ ತಲೆಬರಹ ಕೆಂಪಾಗಿತ್ತು, ಹೆದರಿ ಓದಿದ. ಡ್ರೈವಿನಲ್ಲಿ ಇನ್ನು ಮೇಲೆ ಒಬ್ಬರಿಗೆ ಐವತ್ತು ಜಿಬಿ ಜಾಗ ಮಾತ್ರ. ಅದಕ್ಕಿಂತ ಜಾಸ್ತಿ ಇಟ್ಟುಕೊಂಡವರು ಹೊಸದೊಂದು ಹಾಳೆಯನ್ನೂ ಹತ್ತಿಸುವಂತಿಲ್ಲ, ಮೇಲ್ ಹೋಗುವುದಿಲ್ಲ, ಬರುವುದಿಲ್ಲ. ಥೀಸಿಸ್ ಸಲ್ಲಿಸುವವರು ಅದನ್ನು ಇದೇ ಡ್ರೈವಿನಲ್ಲಿಟ್ಟು ಲಿಂಕ್ ಕಳಿಸಬೇಕಾಗಿತ್ತು. ಲಕ್ಷ್ಮೀಶ ತನ್ನ ಖಾತೆ ತೆಗೆದು ನೋಡಿದ. ಅಲ್ಲಿ ಇನ್ನೂರು ಜಿಬಿ ತುಂಬಿ ಕೂತಿತ್ತು.

ಅವನು ಬಿದ್ದಂಬೀಳ ಯುನಿವರ್ಸಿಟಿಯ ಕಂಪ್ಯೂಟರ್ ವಿಭಾಗಕ್ಕೆ ಓಡಿದ. ಅಲ್ಲಿ ಮುತ್ತುರಾಜ್ ಅನ್ನೋ ನೌಕರ ಅವನ ಖಾತೆ ತೆರೆದು, ಹಾಜರಿ ಕೂಗುವ ಹಾಗೆ ಒಂದೊಂದೇ ಫೋಲ್ಡರಿನ ಹೆಸರು ಓದಿದ. ಯಶಶ್ರೀ ಆರತಕ್ಷತೆ. ಯಶಶ್ರೀ ಸೀಮಂತ. ಸತೀಶ್ ಗೃಹಪ್ರವೇಶ. ಪಾರ್ವತಮ್ಮನವರು. ಏರಿಯಾ ರಾಜ್ಯೋತ್ಸವ. ಪಕ್ಕದ ಟೇಬಲ್ಲಿನವರೆಲ್ಲ ಟೀ ಲೋಟ ಹಿಡಿದು ಎದ್ದು ಬಂದರು. ಮುತ್ತುರಾಜ್ ಬಹಳ ವಿನಯದಿಂದ ಕೇಳಿದ.

“ಸಾರ್, ಇದ್ರಲ್ಲಿ ನಿಮ್ ರಿಸರ್ಚ್ ಎಲ್ಲಿದೆ?”

ಲಕ್ಷ್ಮೀಶ ಕೆಳಗೆ, ಇನ್ನೂ ಕೆಳಗೆ ಅಂತ ಬೆರಳು ತೋರಿಸಿದ. ಗೃಹಪ್ರವೇಶಕ್ಕೂ ಸೀಮಂತಕ್ಕೂ ನಡುವೆ ಒಂದು ಸಾಸಿವೆ ಕಾಳಿನಷ್ಟು ಜಾಗದಲ್ಲಿ ‘ಗೋದಾಮು’ ಅನ್ನೋ ಫೋಲ್ಡರ್ ಉಸಿರುಗಟ್ಟಿ ಕೂತಿತ್ತು. ಅದರಲ್ಲಿ ಹಳೇ ಕರಡುಗಳಿದ್ದವು. ಕೊನೆಯ ಪ್ರತಿ ಅವನ ಲ್ಯಾಪ್‌ಟಾಪಿನಲ್ಲೇ ಇತ್ತು, ಮೇಲೆ ಹತ್ತಿಸೋಕೆ ಹೋದರೆ ಜಾಗ ಇಲ್ಲ ಅಂತಿತ್ತು. ಮಿಕ್ಕಿದ್ದನ್ನ ಡಿಲೀಟ್ ಮಾಡಿ ಸಾರ್ ಅಂತ ಹೇಳಿ ಮುತ್ತುರಾಜ್ ತನ್ನ ಟೀ ಕಡೆ ತಿರುಗಿದ. ಹೇಳೋದು ಸುಲಭ. ಹೇಳುವವನು ಆ ಕ್ರಾಸಿನಲ್ಲಿ ಬಾಳಬೇಕಾಗಿರಲಿಲ್ಲವಲ್ಲ.

ಮನೆಗೆ ಬಂದು ಗಂಡ ಹೆಂಡತಿ ಲ್ಯಾಪ್‌ಟಾಪ್ ಮುಂದೆ ಕೂತರು. ಮೊದಲು ಸಿಕ್ಕಿದ್ದು ಸತೀಶನ ಗೃಹಪ್ರವೇಶ. ಸತೀಶ್ ಅಂದರೆ ರಂಜಿನಿಯ ಸ್ವಂತ ಅಣ್ಣ. ಪರದೆಯ ಮೇಲೆ ಹಾಲು ಉಕ್ಕುತ್ತಿತ್ತು. ಉಕ್ಕೋ ಹಾಲನ್ನ ಅಳಿಸಿಹಾಕ್ತೀರಾ, ನಮ್ಮಣ್ಣನ ಮನೆ ಏಳಿಗೆ ಆಗೋದು ಬೇಡ್ವಾ ಅಂತ ರಂಜಿನಿ ಕೇಳಿದಳು. ಲಕ್ಷ್ಮೀಶ ಕೈ ಹಿಂದೆಗೆದ. ಯಶಶ್ರೀಯ ಸೀಮಂತಕ್ಕೆ ಬಂದರು. ಹುಡುಗಿಗೆ ದಿನ ತುಂಬಿದೆ, ಈಗ ಅವಳ ಸೀಮಂತ ಅಳಿಸೋದು ಅಂದರೆ ಬಾಯಲ್ಲಿ ಹೇಳೋದೇ ಅಪಶಕುನ. ಅದನ್ನೂ ಬಿಟ್ಟರು. ಹಾಗಾದರೆ ನಿಮ್ಮ ಸೆಮಿನಾರು ಭಾಷಣಗಳನ್ನ ತೆಗೀರಿ, ಸಭೆಯಲ್ಲಿ ಇದ್ದೋರೇ ಕೇಳಿಲ್ಲ ಅಂದಳು ರಂಜಿನಿ. ಮುಂದೆ ತನ್ನ ಜೀವನಚರಿತ್ರೆ ಬರೆಯುವವರಿಗೆ ಅವು ಬೇಕಾಗ್ತವೆ ಅಂತ ಲಕ್ಷ್ಮೀಶನಿಗೆ ಮನಸ್ಸಿನಲ್ಲಿತ್ತು, ಬಾಯಿ ಬಿಟ್ಟು ಹೇಳಲಿಲ್ಲ.

ಆಮೇಲೆ ಪಾರ್ವತಮ್ಮನವರ ಫೋಲ್ಡರ್ ತೆಗೆದರು. ಅದರಲ್ಲಿ ಒಂದೇ ಒಂದು ಪುಟ್ಟ ವಿಡಿಯೊ ಅವರ ಯಜಮಾನರು ದೇವಯ್ಯನವರದು. ಹಬ್ಬದ ದಿನ ನೆಲದ ಮೇಲೆ ಎಲೆ ಮುಂದೆ ಕೂತಿದ್ದಾರೆ, ಹೆಂಡತಿ ಬಡಿಸುತ್ತಿದ್ದಾರೆ, ಅವರು ಕ್ಯಾಮೆರಾ ಕಡೆ ನೋಡಿ, “ಇನ್ನೊಂದು ಹಾಕೇ ಪಾರ್ವತಿ, ಡಾಕ್ಟ್ರು ಇಲ್ಲೇನು ಬಂದು ನೋಡ್ತಾರಾ” ಅಂತ ನಗ್ತಾರೆ. ಆ ಹಬ್ಬ ಆಗಿ ಸ್ವಲ್ಪ ದಿನಕ್ಕೇ ಅವರು ತೀರಿಕೊಂಡಿದ್ದರು. ಅವರ ದನಿ ಅಂತ ಉಳಿದಿದ್ದು ಇದೊಂದೇ. ಲಕ್ಷ್ಮೀಶ ಲ್ಯಾಪ್‌ಟಾಪ್ ಮುಚ್ಚಿಟ್ಟ.

ಬೆಳಗ್ಗೆ ಹಲ್ಲುಜ್ಜುವಾಗ ಅವನಿಗೆ ತನ್ನದೇ ಥೀಸಿಸ್ಸಿನ ಮೂರನೇ ಅಧ್ಯಾಯ ನೆನಪಿಗೆ ಬಂತು. ಗೋದಾಮು ತುಂಬಿದರೆ ಸಾಮಾನನ್ನು ನಾಶ ಮಾಡಬೇಕಾಗಿಲ್ಲ, ಯಜಮಾನರಿಗೇ ಒಪ್ಪಿಸಿದರೆ ಆಯಿತು ಅಂತ ಅವನೇ ಬರೆದಿದ್ದ. ಆಹಾ ಅಂತ ಬಾಯಿ ತೊಳೆಯುವುದನ್ನೂ ಮರೆತು ಓಡಿಬಂದ. ಅವರವರ ಫೋಲ್ಡರನ್ನು ಅವರವರ ಫೋನಿಗೇ ಕಳಿಸಿ, ತೆಗೆಯೋದಕ್ಕೂ ಹಾಕೋದಕ್ಕೂ ಎಲ್ಲರಿಗೂ ಅನುಮತಿ ಕೊಟ್ಟ. ವಯಸ್ಸಾದವರಿಗೆ ಫೋಲ್ಡರ್ ಅಂದರೆ ಗೊತ್ತಾಗಲ್ಲ ಅಂತ ಕ್ರಾಸಿನ ವಾಟ್ಸಾಪ್ ಗುಂಪಿನಲ್ಲಿ ತನ್ನ ಶೈಲಿಯಲ್ಲಿ ಒಂದು ವಿನಂತಿ ಬರೆದ. ಇಷ್ಟು ದಿನ ನಿಮ್ಮ ಸಾಮಾನು ನನ್ನ ಹತ್ತಿರ ಜೋಪಾನವಾಗಿತ್ತು. ಈಗ ನಿಮ್ಮ ನಿಮ್ಮ ಡಬ್ಬಿ ನಿಮಗೆ ಕಳಿಸಿದ್ದೇನೆ. ಒಳಗಿರುವುದನ್ನು ತೆಗೆದುಕೊಂಡು ಡಬ್ಬಿ ವಾಪಸ್ ಕೊಡಿ. ಇಂತಿ ನಿಮ್ಮ ಲಕ್ಷ್ಮೀಶ.

ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ತೆಗೆದುಕೊಳ್ತೀವಿ, ಕೊಡ್ತೀವಿ ಅಂತ ಉತ್ತರಗಳು ಬಂದವು. ಲಕ್ಷ್ಮೀಶ ಅವತ್ತು ಕಾಲೇಜಿನಲ್ಲಿ ಹುಡುಗರಿಗೆ ಗೋದಾಮು ನಿರ್ವಹಣೆ ಬಗ್ಗೆ ಹಾಡಿದಂತೆ ಪಾಠ ಮಾಡಿದ.

ಮಾರನೇ ದಿನ ಖಾತೆ ತೆರೆದ. ಇನ್ನೂರು ಇದ್ದದ್ದು ಇನ್ನೂರ ಇಪ್ಪತ್ತಾಗಿತ್ತು.

ಕನ್ನಡಕ ಒರೆಸಿಕೊಂಡು ನೋಡಿದ. ಇನ್ನೂರ ಇಪ್ಪತ್ತೇ. ಲ್ಯಾಪ್‌ಟಾಪ್ ಆರಿಸಿ ಹಚ್ಚಿದ, ಇನ್ನೂರ ಇಪ್ಪತ್ತೈದಾಯಿತು. ಜನ ತೆಗೆದುಕೊಂಡು ಹೋದಷ್ಟೂ ಗೋದಾಮು ತುಂಬುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಅವನು ಒಂದೊಂದಾಗಿ ಫೋಲ್ಡರ್ ತೆಗೆದು ನೋಡಬಹುದಿತ್ತು ಅಂತ ನೀವು ಹೇಳಬಹುದು. ಆದರೆ ಒಬ್ಬರ ಕೈಗೆ ಡಬ್ಬಿ ಕೊಟ್ಟ ಮೇಲೆ ಅದರ ಮುಚ್ಚಳ ತೆಗೆದು ಇಣುಕುವುದು ಮರ್ಯಾದಸ್ಥರ ಲಕ್ಷಣವೇ? ಲಕ್ಷ್ಮೀಶ ಮರ್ಯಾದಸ್ಥ. ಆದ್ದರಿಂದ ಅವನು ಮೇಲಿನ ಕೆಂಪು ಗೆರೆಯನ್ನೊಂದೇ ನೋಡುತ್ತಾ ಕೂತ.

ಮನಸ್ಸು ಕಲ್ಲು ಮಾಡಿಕೊಂಡು ತನ್ನ ಸೆಮಿನಾರು ಭಾಷಣಗಳನ್ನೆಲ್ಲ ಅಳಿಸಿದ. ಗೆರೆ ಅಲುಗಲಿಲ್ಲ. ಅಳಿಸಿದ್ದೆಲ್ಲ ಡ್ರೈವಿನದೇ ಒಂದು ಕಸದ ಬುಟ್ಟಿಗೆ ಹೋಗಿ ಬಿದ್ದಿರುತ್ತದೆ, ಆ ಕಸವೂ ಜಾಗ ಹಿಡಿಯುತ್ತದೆ ಅನ್ನೋದು ಅವನಿಗೆ ಬಹಳ ಹೊತ್ತಿನ ಮೇಲೆ ತಿಳಿಯಿತು. ಬುಟ್ಟಿ ಖಾಲಿ ಮಾಡಿದ. ಗೆರೆ ಸ್ವಲ್ಪ ಇಳಿಯಿತು. ಕಾಫಿ ಕುಡಿದು ಬರೋದರಲ್ಲಿ ಮತ್ತೆ ಏರಿತ್ತು. ಪಾಸ್‌ವರ್ಡ್ ಬದಲಾಯಿಸಿದ. ವೈರಸ್ಸೋ, ಮಾಟವೋ, ಗೊತ್ತಾಗಲಿಲ್ಲ. ಕೊನೆಗೆ, ಈ ಮುತ್ತುರಾಜನೇ ಜಾಗ ಇದೆ ಅಂತ ಯುನಿವರ್ಸಿಟಿಯ ಸಾಮಾನನ್ನ ನನ್ನ ಖಾತೆಗೆ ತುರುಕುತ್ತಿದ್ದಾನೆ ಅಂತ ತೀರ್ಮಾನ ಮಾಡಿ ಜಗಳಕ್ಕೆ ಹೋದ.

ಮುತ್ತುರಾಜ್ ಖಾತೆ ನೋಡಿ, ಅನುಮಾನ ತನಗೂ ಇದೆ, ಆದರೆ ಬೇರೆ ಕಡೆಗೆ ಅಂದ. ಹಗಲೂ ರಾತ್ರಿ ನಿಮ್ಮ ಖಾತೆಗೆ ವಿಡಿಯೊ ಬರ್ತಾನೇ ಇದೆ, ಎಲ್ಲಾ ಹೊಸದು, ಒಂದರಲ್ಲಿ ಡ್ರೋನ್ ಕೂಡ ಇದೆ, ನೀವೇನು ಮದುವೆ ವಿಡಿಯೊ ಬಿಸಿನೆಸ್ ಇಟ್ಟಿದೀರಾ ಸಾರ್ ಅಂತ ಮೆಲ್ಲಗೆ ಕೇಳಿದ. ಲಕ್ಷ್ಮೀಶ ಇಲ್ಲ ಅಂತ ಮೂರು ಸಲ ಹೇಳಿದ. ಒಂದು ಸಲ ಹೇಳಿದ್ದರೆ ನಂಬುತ್ತಿದ್ದರೋ ಏನೋ. ಮಧ್ಯಾಹ್ನದೊಳಗೆ ಮದುವೆ ವಿಡಿಯೊ ಅನ್ನೋದು ಕಿರುಚಿತ್ರ ಆಯಿತು, ಕಿರುಚಿತ್ರ ಪೂರ್ತಿ ಚಿತ್ರ ಆಯಿತು, ಸಂಜೆ ಹೊತ್ತಿಗೆ ಅವನು ಗಾಂಧಿನಗರದಲ್ಲಿ ಆಫೀಸು ತೆರೆದಾಗಿತ್ತು. ಅವನ ಗೈಡ್ ಪ್ರೊಫೆಸರ್ ವೃಷಭೇಂದ್ರಪ್ಪನವರೇ ಫೋನ್ ಮಾಡಿದರು.

“ಏನ್ರೀ ಲಕ್ಷ್ಮೀಶ, ಪಿಕ್ಚರ್ ಹಂಚಿಕೆ ಶುರು ಮಾಡಿದೀರಂತೆ?”

ಇವನು ತೊದಲಿದ. ಅಂಥದ್ದೇನೂ ಇಲ್ಲ ಸಾರ್, ಡಬ್ಬಿ ವಾಪಸ್ ಕೊಡ್ತಿದ್ದೆ ಅಷ್ಟೆ ಅಂದ. ಪಿಕ್ಚರ್ ಡಬ್ಬಿಗಳಾ ಅಂತ ಅವರು ಕೇಳಿದರು. ಹಳೇ ಕಾಲದಲ್ಲಿ ಸಿನಿಮಾ ರೀಲುಗಳು ಡಬ್ಬಿಯಲ್ಲೇ ಬರುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಥೀಸಿಸ್ಸಿಗೆ ಪುರುಸೊತ್ತಿಲ್ಲದವರಿಗೆ ಇದಕ್ಕೆಲ್ಲ ಎಲ್ಲಿಂದ ಟೈಮ್ ಬರತ್ತೆ, ಶುಕ್ರವಾರ ಐದು ದಾಟಿದರೆ ನಾನೂ ಏನೂ ಮಾಡೋಕಾಗಲ್ಲ ಅಂತ ಚೆನ್ನಾಗಿ ಬೈದರು. ಬೈದು ಮುಗಿದ ಮೇಲೆ ದನಿ ತಗ್ಗಿಸಿ, ನಮ್ಮ ತಂಗಿ ಮಗಳು ಡ್ಯಾನ್ಸ್ ಚೆನ್ನಾಗಿ ಮಾಡ್ತಾಳೆ ಕಣ್ರೀ ಅಂತ ಒಂದು ಮಾತು ಸೇರಿಸಿ ಇಟ್ಟರು. ಅದು ಬೈಗುಳಕ್ಕೆ ಹೇಗೆ ಹೊಂದುತ್ತದೆ ಅಂತ ಲಕ್ಷ್ಮೀಶನಿಗೆ ಅರ್ಥವಾಗಲಿಲ್ಲ. ಅವನಿಗೆ ಆ ವಾರ ಯಾವುದೂ ಅರ್ಥವಾಗುತ್ತಿರಲಿಲ್ಲ.

ಶುಕ್ರವಾರ ಬೆಳಗಾಯಿತು. ಗೆರೆ ಮುನ್ನೂರರ ಹತ್ತಿರ ಬಂದಿತ್ತು. ಲಕ್ಷ್ಮೀಶ ಸ್ನಾನ ಮಾಡಿ, ತಿಂಡಿ ಬೇಡ ಅಂತ ಹೇಳಿ, ಗೇಟಿನ ಮುಂದೆ ಕಲ್ಲಿನ ಮೇಲೆ ಬಂದು ಕೂತ. ಮೇಲೆ ಬೋರ್ಡಿನಲ್ಲಿ ‘ಡಾ.’ ಮೇಲಿನ ಪಟ್ಟಿ ಗಾಳಿಗೆ ಒಂದು ಕಡೆ ಎದ್ದು ಅಲ್ಲಾಡುತ್ತಿತ್ತು. ಇಷ್ಟು ವರ್ಷದ ಓದು ಬರಹ ಎಲ್ಲ ಯಾರದೋ ಆರತಕ್ಷತೆಯ ಕೆಳಗೆ ಸಿಕ್ಕಿ ಸತ್ತುಹೋಯಿತಲ್ಲ ಅಂತ ಅವನಿಗೆ ಅಳು ಬರುವ ಹಾಗಾಯಿತು. ಆಗ ಗೋಡೆಯಾಚೆಯಿಂದ ಪಾರ್ವತಮ್ಮ ಸ್ಟೀಲ್ ಡಬ್ಬಿ ಹಿಡಿದು ಬಂದರು. ಒಳಗೆ ಬಿಸಿ ಅವರೆಕಾಳು ಉಪ್ಪಿಟ್ಟು. ಆದರೆ ಮುಖದಲ್ಲಿ ಸ್ವಲ್ಪ ಮುನಿಸಿತ್ತು.

“ಏನಪ್ಪಾ ಲಕ್ಷ್ಮೀಶ, ನಾನು ಹಾಕಿದ್ದು ನೋಡಿದ್ಯಾ ಇಲ್ವಾ? ಒಂದು ಮಾತೂ ಹೇಳ್ಲಿಲ್ಲ ನೀನು.”

ಏನು ಹಾಕಿದ್ರಿ ಅಮ್ಮ ಅಂತ ಕೇಳಿದ.

“ಅದೇ, ನೀನು ಕಳಿಸಿದ ಡಬ್ಬೀಗೆ. ನಂದು ತೆಗ್ದಿಟ್ಕೊಂಡೆ. ಆಮೇಲೆ ಅದನ್ನ ಹಂಗೇ ಖಾಲಿ ಕೊಡೋಕಾಗತ್ತೇನಪ್ಪಾ? ನಮ್ಮ ಭಜನೆ ಮಂಡಳೀದು ಹಾಕಿದೀನಿ, ಶುರುವಿಂದ ಮಂಗಳಾರತಿವರೆಗೂ. ಮಗಳು ಕೊಡ್ಸಿದ ಹೊಸ ಫೋನಲ್ಲಿ ತೆಗ್ದಿದ್ದು, ಹಾಡೋರ ಬೆವರೂ ಕಾಣತ್ತೆ.”

ಲಕ್ಷ್ಮೀಶ ಎದ್ದು ನಿಂತ. ಕೂತ. ಮತ್ತೆ ಎದ್ದು ಒಳಗೆ ಓಡಿದ. ಮರ್ಯಾದೆ ಗಿರ್ಯಾದೆ ಎಲ್ಲ ಬಿಟ್ಟು ಒಂದೊಂದೇ ಮುಚ್ಚಳ ತೆಗೆದ. ಒಬ್ಬರೂ ಡಬ್ಬಿಯನ್ನು ಖಾಲಿ ವಾಪಸ್ ಕೊಟ್ಟಿರಲಿಲ್ಲ. ಹಳೇ ಫೋನಿನ ಚಿಕ್ಕ ಚಿಕ್ಕ ಮಸುಕು ವಿಡಿಯೊಗಳನ್ನು ತೆಗೆದುಕೊಂಡು, ಹೊಸ ಫೋನಿನ ದೊಡ್ಡ ದೊಡ್ಡ ವಿಡಿಯೊ ತುಂಬಿಸಿ ಕೊಟ್ಟಿದ್ದರು. ಪಾರ್ವತಮ್ಮ ಭಜನೆ ಹಾಕಿದ್ದು ರಾಮಾಂಜಿನಪ್ಪನವರ ಕಿವಿಗೆ ಬಿತ್ತು. ಲೀಡರಾದವರು ಅದಕ್ಕಿಂತ ಕಡಿಮೆ ಹಾಕೋಕಾಗತ್ತಾ? ಅವರು ರಾಜ್ಯೋತ್ಸವದ ಆರ್ಕೆಸ್ಟ್ರಾವನ್ನು ಡ್ರೋನಿನಲ್ಲಿ ತೆಗೆಸಿದ್ದನ್ನು ವಂದನಾರ್ಪಣೆ ಸಮೇತ ಹಾಕಿದ್ದರು. ಅದನ್ನು ಕೇಳಿ ಪಾರ್ವತಮ್ಮ ಇನ್ನೊಂದು ಭಜನೆ ಹಾಕಿದರು. ತಂಗಿ ಮನೆಗೆ ಬರಿಗೈಲಿ ಹೇಗೆ ಅಂತ ಸತೀಶ್ ತನ್ನ ಮನೆಯ ಮೊದಲನೇ ಮಹಡಿಯ ಗೃಹಪ್ರವೇಶವನ್ನೂ ಸೇರಿಸಿದ್ದ. ಜಾಗ ಇಲ್ಲ ಅನ್ನೋ ತಡೆ ಖಾತೆಯ ಯಜಮಾನನಿಗೆ ಮಾತ್ರ, ಅನುಮತಿ ಪಡೆದ ಹೊರಗಿನವರಿಗೆ ಇರಲಿಲ್ಲ. ಫೋಲ್ಡರ್ ಲಕ್ಷ್ಮೀಶನದು, ಆದ್ದರಿಂದ ಯಾರು ಏನು ಹಾಕಿದರೂ ಲೆಕ್ಕ ಬೀಳುವುದು ಅವನ ತಲೆಗೇ.

ಅವನು ಹೊರಗೆ ಬಂದು, ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಹಾಕಿದ್ದನ್ನ ತೆಗೆದುಬಿಡಿ ಅಂದ. ಪಾರ್ವತಮ್ಮನ ಮುಖ ಸಣ್ಣದಾಯಿತು. ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ಳೋದಾ, ಅದೂ ಶುಕ್ರವಾರದ ದಿನ, ಅದಕ್ಕಿಂತ ನಮ್ಮ ಭಜನೆ ಚೆನ್ನಾಗಿಲ್ಲ ಅಂತ ಹೇಳಿಬಿಡಪ್ಪ ಅಂದರು. ನಾನೇ ತೆಗೀಲಾ ಅಂದರೆ ಅದು ಇನ್ನೂ ಕೆಟ್ಟದ್ದು, ಕೊಟ್ಟ ತಿಂಡಿಯನ್ನು ಕೊಟ್ಟವರ ಕಣ್ಣೆದುರೇ ಚರಂಡಿಗೆ ಸುರಿದ ಹಾಗೆ. ಲಕ್ಷ್ಮೀಶನಿಗೆ ತಡೆಯೋಕಾಗಲಿಲ್ಲ. ಇಷ್ಟು ದಿನ ಯಾರಿಗೂ ಹೇಳದೆ ಇದ್ದದ್ದು ಬಾಯಿಗೆ ಬಂದುಬಿಟ್ಟಿತು.

“ಸಂಜೆ ಐದಕ್ಕೆ ನನ್ ಥೀಸಿಸ್ ಹೋಗ್ದಿದ್ರೆ ಎಲ್ಲಾ ಮುಗೀತು ಅಮ್ಮ. ಜಾಗ ಇಲ್ದೆ ಅದು ಹೋಗ್ತಿಲ್ಲ. ಆ ಬೋರ್ಡು ನಾನು ಸಾಯೋವರ್ಗೂ ಹಂಗೇ ಪಟ್ಟಿ ಹಾಕ್ಕೊಂಡಿರತ್ತೆ.”

ಪಾರ್ವತಮ್ಮ ಬೋರ್ಡನ್ನು ನೋಡಿದರು, ಅವನನ್ನು ನೋಡಿದರು. ಇದನ್ನ ಮೊದಲೇ ಹೇಳಬಾರದಾಗಿತ್ತೇನೋ ಮಂಕೇ ಅಂತ ಬೈದರು. ಬೈದರೂ ತೆಗೆಯೋಕೆ ಅವರ ಕೈ ಬರಲಿಲ್ಲ. ಮಾತು ಕೇಳಿ ರಂಜಿನಿಯೂ ಗೇಟಿನ ಹತ್ತಿರ ಬಂದು ಉಪ್ಪಿಟ್ಟಿನ ಡಬ್ಬಿ ಇಸಕೊಂಡಳು. ಅದನ್ನು ಕೈಯಲ್ಲಿ ತಿರುಗಿಸುತ್ತಾ ಒಂದು ಮಾತು ಕೇಳಿದಳು.

“ಅಮ್ಮ, ಡಬ್ಬಿ ವಾಪಸ್ ಕೊಡ್ತೀವಿ, ಸರಿ. ತಾಂಬೂಲ ಕೊಟ್ರೆ ಯಾರಾದ್ರೂ ವಾಪಸ್ ಕೊಡ್ತಾರಾ?”

ತಾಂಬೂಲ ಯಾರಾದ್ರೂ ವಾಪಸ್ ಕೊಡ್ತಾರೇನೇ, ಬಿಡ್ತು ಅನ್ನು ಅಂದರು ಪಾರ್ವತಮ್ಮ. ತಿಂಡಿ ತೀರ್ಥ ಬಿಟ್ಟರೆ ಶುಕ್ರವಾರ ಮನೆಯಿಂದ ಏನೂ ಆಚೆ ಹೋಗಬಾರದು, ನಿಜ. ಆದರೆ ಅರಿಸಿನ ಕುಂಕುಮದ ಜೊತೆ ಎಲೆ ಅಡಿಕೆ ಇಟ್ಟು ಕೊಟ್ಟರೆ ಅದಕ್ಕೆ ಶುಕ್ರವಾರವೇ ಶ್ರೇಷ್ಠ. ಲಕ್ಷ್ಮೀಶನಿಗೆ ಇದು ಆರು ಅಧ್ಯಾಯಗಳಲ್ಲಿ ಒಂದರಲ್ಲೂ ಹೊಳೆದಿರಲಿಲ್ಲ. ಅವನು ಚಪ್ಪಲಿ ಮೆಟ್ಟಿಕೊಂಡು ಸಂಪಿಗೆ ರಸ್ತೆಗೆ ಓಡಿ, ಒಂದು ಅಂಗಡಿಯಲ್ಲಿ ಪೆನ್ ಡ್ರೈವುಗಳನ್ನೂ, ಅದರ ಮುಂದಿನ ಗಾಡಿಯಲ್ಲಿ ವೀಳ್ಯದೆಲೆಯನ್ನೂ ಕೊಂಡು ತಂದ. ರಾಹುಕಾಲ ಮುಗಿಯುವವರೆಗೆ ಯಾರಿಗೂ ಏನೂ ಕೊಡಕೂಡದು ಅಂತ ರಂಜಿನಿ ಹೇಳಿದ್ದರಿಂದ, ಅಷ್ಟರಲ್ಲಿ ಒಬ್ಬೊಬ್ಬರ ವಿಡಿಯೊವನ್ನೂ ಒಂದೊಂದು ಪೆನ್ ಡ್ರೈವಿಗೆ ಇಳಿಸುತ್ತಾ ಕೂತ. ಅದು ಇಳಿಯುವ ವೇಗ ನೋಡಿದರೆ ರಾಹುವೇ ಒಳಗೆ ಕೂತು ನಕಲು ಮಾಡುತ್ತಿದ್ದ ಹಾಗಿತ್ತು.

ಹನ್ನೆರಡು ದಾಟಿದ ಮೇಲೆ ಗಂಡ ಹೆಂಡತಿ ತಟ್ಟೆ ಹಿಡಿದು ಹೊರಟರು. ಎಲೆ, ಅಡಿಕೆ, ಬಾಳೆಹಣ್ಣು, ಮೇಲೆ ಒಂದು ಪೆನ್ ಡ್ರೈವು, ಅದಕ್ಕೆ ಚಿಟಿಕೆ ಕುಂಕುಮ. ಸತೀಶ್ ಮನೆಯವರು ಎರಡೂ ಕೈಯೊಡ್ಡಿ ತಗೊಂಡು ಕಣ್ಣಿಗೆ ಒತ್ತಿಕೊಂಡು ದೇವರ ಮುಂದೆ ಇಟ್ಟರು. ವಾಪಸ್ ಕೊಡುವ ಮಾತೇ ಇಲ್ಲ. ರಾಮಾಂಜಿನಪ್ಪನವರಂತೂ ಹುಡುಗರನ್ನೆಲ್ಲ ಕರೆಸಿ, ಮೇಷ್ಟ್ರು ಮನೆ ಬಾಗಿಲಿಗೆ ಬಂದು ಗೌರವ ಮಾಡ್ತಿದಾರೆ, ವಿಡಿಯೊ ತೆಗೀರೋ ಅಂದರು. ತೆಗೆದದ್ದನ್ನು ಅಲ್ಲೇ ನಿಂತು ಲಕ್ಷ್ಮೀಶನ ಡ್ರೈವಿಗೆ ಹಾಕೋಕೆ ಹೊರಟಾಗ ರಂಜಿನಿ ಅವರ ಫೋನನ್ನು ಕಿತ್ತುಕೊಂಡು, ಅಣ್ಣಾ, ಐದು ಗಂಟೆಗೆ ನಾನೇ ತಂದುಕೊಡ್ತೀನಿ ಅಂತ ಸೆರಗಿನಲ್ಲಿ ಕಟ್ಟಿಕೊಂಡಳು. ರಾಜಕೀಯದಲ್ಲಿ ಅಷ್ಟು ವರ್ಷ ಇದ್ದೂ ಅಂಥ ದಾಳಿ ರಾಮಾಂಜಿನಪ್ಪ ನೋಡಿರಲಿಲ್ಲ, ಸುಮ್ಮನೆ ಬಾಳೆಹಣ್ಣು ಸುಲಿದರು.

ಮನೆಗೆ ಬಂದು ಲಕ್ಷ್ಮೀಶ ಭಜನೆ, ಆರ್ಕೆಸ್ಟ್ರಾ, ಗೃಹಪ್ರವೇಶ ಎಲ್ಲ ಅಳಿಸಿ ಬುಟ್ಟಿಯನ್ನೂ ಬರಿದು ಮಾಡಿದ. ಈಗ ಅವೆಲ್ಲ ಅವರವರ ದೇವರ ಮುಂದೆ ಭದ್ರವಾಗಿದ್ದದ್ದರಿಂದ ರಂಜಿನಿಯೂ ತಕರಾರು ಮಾಡಲಿಲ್ಲ. ಪಾರ್ವತಮ್ಮನವರ ಫೋಲ್ಡರಿನಲ್ಲಿ ಭಜನೆಗಳ ಕೆಳಗೆ ಆ ದೇವಯ್ಯನವರ ವಿಡಿಯೊ ಹಾಗೇ ಇತ್ತು. ಪಕ್ಕದಲ್ಲೇ ಕೂತಿದ್ದ ಪಾರ್ವತಮ್ಮನನ್ನು, ಇದನ್ನ ತಗೊಂಡಿಲ್ವಲ್ಲ ಅಮ್ಮ ಅಂತ ಕೇಳಿದ.

“ನಕಲು ತಗೊಂಡಿದೀನಿ. ಅಲ್ಲಿಂದ ತೆಗೀಲಿಲ್ಲ. ನನ್ ಫೋನು ಎಲ್ಲೋ ಬೀಳತ್ತೆ, ತಾಂಬೂಲದ ಜೊತೆ ಕೊಟ್ಟ ಈ ಕಡ್ಡಿ ಎಲ್ಲೋ ಕಳ್ದೋಗತ್ತೆ. ನಿನ್ ಹತ್ರ ಇದ್ರೆ ಯುನಿವರ್ಸಿಟಿಲಿ ಇದಾರೆ ಅನ್ಸತ್ತೆ. ಜಾಗ ಸಾಲ್ದಿದ್ರೆ ತೆಗ್ದುಬಿಡಪ್ಪ, ಬೇಜಾರಿಲ್ಲ.”

ಬೇಜಾರಿಲ್ಲ ಅಂದಾಗ ಅವರು ಗೋಡೆ ನೋಡುತ್ತಿದ್ದರು. ಹುಡುಗರಿಗೆ ಬೇಕಾದ ಕಾಲೇಜು ಪಾಠದ ವಿಡಿಯೊಗಳನ್ನು ಅಳಿಸುವ ಹಾಗಿರಲಿಲ್ಲ, ಅವು ಸೇರಿ ಗೆರೆ ಇನ್ನೂ ಐವತ್ತರ ಮೇಲೆ ಕೂದಲೆಳೆಯಷ್ಟು ಇತ್ತು, ಗಡಿಯಾರ ನಾಲ್ಕರ ಹತ್ತಿರ ಬಂದಿತ್ತು. ಲಕ್ಷ್ಮೀಶ ಎರಡನೇ ಯೋಚನೆ ಮಾಡದೆ, ಗೋದಾಮು ಫೋಲ್ಡರಿನಲ್ಲಿದ್ದ ತನ್ನ ಹಳೇ ಕರಡುಗಳನ್ನೂ, ಒಂದೊಂದು ಗೋದಾಮಿನಲ್ಲೂ ತಾನು ನಗುತ್ತಾ ನಿಂತಿದ್ದ ಫೋಟೊಗಳನ್ನೂ ಹಿಡಿದು ಅಳಿಸಿದ. ಬುಟ್ಟಿ ಖಾಲಿ ಮಾಡಿದ. ಕೆಂಪು ಗೆರೆ ಮೊದಲ ಬಾರಿಗೆ ನೀಲಿಯಾಯಿತು. ದೇವಯ್ಯನವರು ಇದ್ದ ಕಡೆಯೇ ಇದ್ದರು, ಅವರ ಪಕ್ಕದಲ್ಲಿ ಥೀಸಿಸ್ ಹತ್ತಿ ಕೂತಿತು.

ಇನ್ನು ಗೈಡಿನ ಸಹಿಯ ಪತ್ರವೊಂದು ಅದೇ ಫೋಲ್ಡರಿಗೆ ಬರಬೇಕಾಗಿತ್ತು. ಒಂದು ವಾರದ ಅಭ್ಯಾಸಬಲ ನೋಡಿ, ಲಕ್ಷ್ಮೀಶ ಅವರಿಗೂ ಹಾಗೇ ಬರೆದ. ಸಾರ್, ಡಬ್ಬಿ ಕಳಿಸಿದ್ದೇನೆ, ಸಹಿ ಪತ್ರ ಹಾಕಿ ವಾಪಸ್ ಕೊಡಿ. ವೃಷಭೇಂದ್ರಪ್ಪನವರು ಪತ್ರ ಹಾಕಿದ್ದೇ ತಡ, ಇವನು ಯುನಿವರ್ಸಿಟಿಗೆ ಲಿಂಕ್ ಕಳಿಸಿದ. ಐದಕ್ಕೆ ಇನ್ನೂ ಒಂದು ಕಾಫಿ ಕುಡಿಯುವಷ್ಟು ಹೊತ್ತು ಉಳಿದಿತ್ತು. ಥೀಸಿಸ್ ಸ್ವೀಕರಿಸಲಾಗಿದೆ, ಮೌಖಿಕ ಪರೀಕ್ಷೆಯ ದಿನವನ್ನು ಇದೇ ಖಾತೆಗೆ ಮೇಲ್ ಮೂಲಕ ತಿಳಿಸಲಾಗುವುದು ಅಂತ ಉತ್ತರ ಬಂತು. ಲಕ್ಷ್ಮೀಶ ಅದನ್ನು ಜೋರಾಗಿ ಓದಿದ. ಪಾರ್ವತಮ್ಮ ಅವನ ತಲೆ ನೇವರಿಸಿದರು. ಬೋರ್ಡಿನ ಪಟ್ಟಿ ಕಿತ್ತುಹಾಕಲಾ ಅಂತ ಕೇಳಿದ್ದಕ್ಕೆ ರಂಜಿನಿ, ಪರೀಕ್ಷೆ ಮುಗೀಲಿ, ಅವಸರ ಬೇಡ ಅಂದಳು. ಆದರೆ ಎದ್ದಿದ್ದ ಆ ಒಂದು ತುದಿಯನ್ನು ಅವಳೂ ಒತ್ತಿ ಅಂಟಿಸಲಿಲ್ಲ.

ಶನಿವಾರ ಬೆಳಗ್ಗೆ ಎದ್ದು ಲಕ್ಷ್ಮೀಶ, ಆ ನೀಲಿ ಗೆರೆ ಇನ್ನೊಂದು ಸಲ ನೋಡಿ ಕಣ್ಣು ತಂಪು ಮಾಡಿಕೊಳ್ಳೋಣ ಅಂತ ಖಾತೆ ತೆರೆದ. ಗೆರೆ ಕೆಂಪಗಿತ್ತು. ಜಾಗ ಇಲ್ಲ, ಇನ್ನು ಮುಂದೆ ನಿಮಗೆ ಮೇಲ್ ಬರುವುದಿಲ್ಲ ಅಂತ ಮೇಲೆ ಬರೆದಿತ್ತು. ಅವನು ಥೀಸಿಸ್ಸಿನ ಫೋಲ್ಡರ್ ತೆರೆದ. ಸಹಿ ಪತ್ರದ ಪಕ್ಕದಲ್ಲಿ ಒಂದು ಭಾರಿ ವಿಡಿಯೊ ಬಂದು ಕೂತಿತ್ತು. ಗೆಜ್ಜೆ ಕಟ್ಟಿದ ಹುಡುಗಿಯೊಬ್ಬಳು ಕೈಮುಗಿದು ನಿಂತಿದ್ದಳು. ಫೋನಿನಲ್ಲಿ ವೃಷಭೇಂದ್ರಪ್ಪನವರ ಸಂದೇಶ ಕಾಯುತ್ತಿತ್ತು. ಬರೀ ಒಂದು ಕಾಗದ ಹಾಕಿ ಡಬ್ಬಿ ಹೇಗೆ ವಾಪಸ್ ಕೊಡೋದು ಅಂತ ನಮ್ಮ ಮನೆಯವರು ಬೈದರು. ಅದಕ್ಕೆ ತಂಗಿ ಮಗಳ ಡ್ಯಾನ್ಸ್ ಹಾಕಿದ್ದೇನೆ, ಪೂರ್ತಿ ಇದೆ. ಗಾಂಧಿನಗರದಲ್ಲಿ ಯಾರಿಗಾದರೂ ತೋರಿಸಿ.

ಲಕ್ಷ್ಮೀಶ ಎದ್ದು ಅಡುಗೆಮನೆ ಬಾಗಿಲಲ್ಲಿ ಹೋಗಿ ನಿಂತ. ದೋಸೆ ಹುಯ್ಯುತ್ತಿದ್ದ ರಂಜಿನಿಯನ್ನು, ನಿನ್ನೆ ತಂದ ಎಲೆ ಅಡಿಕೆ ಉಳಿದಿದೆಯಾ ಅಂತ ಕೇಳಿದ. ಅವಳು ಅವನ ಮುಖವನ್ನೂ ನೋಡಲಿಲ್ಲ, ಯಾರಿಗೆ ಅಂತಲೂ ಕೇಳಲಿಲ್ಲ.

“ಎಲೆ ಇದೆ ಕಣ್ರೀ. ಪೆನ್ ಡ್ರೈವ್ ನೀವೇ ತನ್ನಿ.”